ಆಂಪಿಯರ್ ಮುಳ್ಳಿನ ಜಾಡಿನಲ್ಲಿ

ಕರೆಂಟು ಬಂದ ಸುದ್ದಿ ಮೊದಲು ಮುಟ್ಟುವುದು ಕಿವಿಗೆ. ಹಿಂದೂಪುರದಿಂದ ಪರಿಗಿ ಕಡೆ ಹೋಗುವ ರಸ್ತೆಯಿಂದ ಒಳಕ್ಕೆ, ಹಿಪ್ಪುನೇರಳೆ ತೋಟಗಳ ನಡುವೆ ನಿಂತಿದ್ದೇವೆ. ಎಡಗಡೆ ಹೊಲದಲ್ಲೊಂದು ‘ಟಕ್’, ಬೇಲಿಯಾಚೆ ಇನ್ನೊಂದು ‘ಟಕ್’, ಆಮೇಲೆ ದೂರದಲ್ಲಿ ನಾಲ್ಕೈದು ಒಟ್ಟಿಗೆ. ಯಾರೂ ಬಂದು ಗುಂಡಿ ಒತ್ತಿಲ್ಲ. ಆ ಸ್ಟಾರ್ಟರುಗಳಿಗೆಲ್ಲ ಆಟೋ ಸ್ವಿಚ್ಚು. ಮೂರು ಫೇಸೂ ಬಂದೊಡನೆ ಸುತ್ತಲಿನ ಮೋಟರುಗಳೆಲ್ಲ ಒಂದೇ ಉಸಿರಿಗೆ ಎದ್ದು ಕೂರುತ್ತವೆ. ಕಂಬದ ಮೇಲಿನ ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುತ್ತದೆ.

ತೋಟದ ಅಕ್ಕನ ಕೈ ಹಸಿರು ಗುಂಡಿಯತ್ತ ಹೋಗುತ್ತದೆ. ಮೇಸ್ತ್ರಿ ತಡೆಯುತ್ತಾನೆ.

“ತಡಿಯಕ್ಕಾ, ಈಗ್ಲೇ ಒತ್ತಬ್ಯಾಡ. ಒಸಿ ಹೊತ್ತು ಬಿಡು.”

ಪ್ಯಾನಲ್ ಬೋರ್ಡಿನ ವೋಲ್ಟ್ ಮೀಟರಿನಲ್ಲಿ ಮುಳ್ಳು 340ರ ಹತ್ತಿರ ನಡುಗುತ್ತಿದೆ. ಇರಬೇಕಾದದ್ದು 415. ಒಂದೇ ಹೊತ್ತಿಗೆ ಎದ್ದ ಮೋಟರುಗಳು ಲೈನಿನ ಕತ್ತು ಹಿಸುಕಿವೆ. ಈಗ ಒತ್ತಿದರೆ ಅದೇ ಕೆಲಸಕ್ಕೆ ಮೋಟರು ಇನ್ನಷ್ಟು ಆಂಪಿಯರ್ ಎಳೆಯಬೇಕು, ಒಳಗಿನ ತಂತಿ ಇನ್ನಷ್ಟು ಕಾಯಬೇಕು. ಅಕ್ಕನಿಗೆ ಕಾಯುವ ವ್ಯವಧಾನವಿಲ್ಲ. ಮನೆಯಲ್ಲಿ ರೇಷ್ಮೆಹುಳು ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದಿವೆ. ಇನ್ನು ಗೂಡು ಕಟ್ಟುವ ತನಕ ಅವುಗಳ ಬಾಯಿಗೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಸೊಪ್ಪು ಬೇಕೆಂದರೆ ತೋಟಕ್ಕೆ ನೀರು ಬೇಕು. ಎರಡು ಸಲ ಮೋಟರು ಸುಟ್ಟು ರೀವೈಂಡಿಂಗಿಗೆ ಹೋಗಿ ಬಂದಿದೆ. ಮೂರನೆಯ ಸಲಕ್ಕೆ ದುಡ್ಡಿಲ್ಲ ಎಂದು ಅವಳು ಮೇಸ್ತ್ರಿಯನ್ನು ಕರೆಸಿದ್ದಾಳೆ. ಅವನ ಹಿಂದೆ ನಾನು ಬಂದಿದ್ದೇನೆ.

ವೋಲ್ಟ್ ಮುಳ್ಳು ನಿಧಾನಕ್ಕೆ 390ಕ್ಕೆ ಏರುತ್ತದೆ. “ಈಗ ಒತ್ತು.”

ಆಂಪಿಯರ್ ಮುಳ್ಳು ಬಲದ ಅಂಚಿಗೆ ಹಾರಿ, ಬಿದ್ದು, 13ರ ಮೇಲೆ ನಿಲ್ಲುತ್ತದೆ. ನೀರು ಇನ್ನೂ ಬಂದಿಲ್ಲ. ಮೇಸ್ತ್ರಿ ಪೈಪಿನ ಬಾಯಿ ನೋಡುತ್ತಿಲ್ಲ, ಕೈಗಡಿಯಾರ ನೋಡುತ್ತಿದ್ದಾನೆ. ಗುಂಡಿ ಒತ್ತಿದ್ದಕ್ಕೂ ನೀರು ಬಂದದ್ದಕ್ಕೂ ನಡುವಿನ ಹೊತ್ತು ಅವನಿಗೆ ಮೊದಲ ಸಾಕ್ಷಿ. ಪಂಪಿನ ನೆತ್ತಿಯಲ್ಲಿರುವ ವಾಲ್ವ್ ಗಟ್ಟಿಯಾಗಿದ್ದರೆ ಪೈಪಿನಲ್ಲಿ ನಿನ್ನೆಯ ನೀರು ಹಾಗೇ ನಿಂತಿರುತ್ತದೆ, ಒತ್ತಿದ ಕೂಡಲೇ ಬಾಯಿಗೆ ಬರುತ್ತದೆ. ವಾಲ್ವ್ ಸೋರಿದ್ದರೆ ರಾತ್ರಿಯೆಲ್ಲ ನೀರು ಮತ್ತೆ ಬಾವಿಗೇ ಇಳಿದುಹೋಗಿ, ಬೆಳಗ್ಗೆ ನಾನೂರು ಅಡಿ ಪೈಪನ್ನು ತಳದಿಂದ ತುಂಬಬೇಕು. ಎರಡಿಂಚಿನ ಅಷ್ಟುದ್ದದ ಪೈಪಿಗೆ ಇನ್ನೂರೈವತ್ತು ಲೀಟರ್ ಬೇಕು. ಒಂದು ನಿಮಿಷ ಕಳೆದು ಎರಡನೆಯದು ಮುಗಿಯುತ್ತ ಬಂದಾಗ ಪೈಪು ಗಾಳಿ ಉಗುಳಿ, ಕೆಮ್ಮಿ, ನೀರು ಎರಚುತ್ತದೆ. ಆಂಪಿಯರ್ ಮುಳ್ಳು 12.4ಕ್ಕೆ ಇಳಿದು ಗಟ್ಟಿಯಾಗುತ್ತದೆ.

“ವಾಲ್ವ್ ಸೋರ್ತೈತೆ. ಅದು ಸಣ್ಣದು. ದೊಡ್ಡದು ಇನ್ನೂ ಮುಂದೈತೆ, ನೋಡ್ತಿರು.”

ಅವನ ಚೀಲದಿಂದ ಟಾಂಗ್ ಟೆಸ್ಟರ್ ಹೊರಬರುತ್ತದೆ. ಇಕ್ಕಳದಂತೆ ಬಾಯಿ ತೆರೆದು ತಂತಿಯನ್ನು ಹಿಡಿದರೆ ಸಾಕು, ಹರಿಯುವ ಕರೆಂಟು ತೋರಿಸುತ್ತದೆ. ಇದು ವೋಲ್ಟೇಜ್ ತಂತಿಗಳನ್ನೂ ಚುಚ್ಚಿಕೊಂಡು ಕಿಲೋವಾಟ್ ಲೆಕ್ಕ ಹೇಳುವ ಜಾತಿಯದು. ಕೆಂಪು, ಹಳದಿ, ನೀಲಿ, ಮೂರು ತಂತಿಯನ್ನೂ ಒಂದೊಂದಾಗಿ ಹಿಡಿಯುತ್ತಾನೆ. ಮೂರರಲ್ಲೂ ಹೆಚ್ಚುಕಡಿಮೆ ಒಂದೇ ಅಂಕಿ. ಅಂದರೆ ಮೋಟರಿನ ವೈಂಡಿಂಗು ಸರಿಯಿದೆ. ಒಂದು ಫೇಸು ಸತ್ತಿದ್ದರೆ ಉಳಿದೆರಡು ಹುಚ್ಚೆದ್ದು ಏರಿರುತ್ತಿದ್ದವು. ಪರದೆಯ ಮೇಲೆ 7.0 ಕಿಲೋವಾಟ್. ಏಳೂವರೆ ಎಚ್‌ಪಿ ಮೋಟರಿಗೆ ಇದು ಸಲ್ಲುವ ಲೆಕ್ಕವೇ.

ನಂತರ ಡ್ರಮ್ಮು. ಇನ್ನೂರು ಲೀಟರಿನ ನೀಲಿ ಪ್ಲಾಸ್ಟಿಕ್ ಡ್ರಮ್ಮನ್ನು ಪೈಪಿನ ಬಾಯಿಗೆ ಎಳೆದು ತಂದು, ಅಕ್ಕನ ಮಗನ ಮೊಬೈಲಿನ ಗಡಿಯಾರ ಓಡಿಸುತ್ತಾರೆ. ತುಂಬಿ ತುಳುಕುವುದಕ್ಕೆ 100 ಸೆಕೆಂಡು. ಸೆಕೆಂಡಿಗೆ ಎರಡು ಲೀಟರ್. ಮೇಸ್ತ್ರಿ ಬೆರಳು ಮಡಿಚಿ ಗುಣಿಸುತ್ತಾನೆ: ಸಾವಿರ ಲೀಟರಿಗೆ 500 ಸೆಕೆಂಡು, ಅಷ್ಟು ಹೊತ್ತು ಏಳು ಕಿಲೋವಾಟ್ ಉರಿದರೆ ಒಂದು ಯೂನಿಟ್ಟಿಗೆ ಒಂದು ಎಳೆ ಕಮ್ಮಿ.

“ಒಂದು ಯೂನಿಟ್ಟಿಗೆ ಸಾವಿರ ಲೀಟ್ರು. ಇದನ್ನ ತಲೇಲಿ ಇಟ್ಕೋ ಮಗಾ.”

ಹುಡುಗ ಮೊಬೈಲಿನಲ್ಲಿ ಬರೆದುಕೊಳ್ಳುತ್ತಾನೆ. ನಾನೂ ಬರೆದುಕೊಳ್ಳುತ್ತೇನೆ. ಬೋರಿನ ಯೋಗ್ಯತೆ, ಪಂಪಿನ ಯೋಗ್ಯತೆ, ಪೈಪಿನ ಯೋಗ್ಯತೆ ಮೂರೂ ಈ ಒಂದು ಅಂಕಿಯಲ್ಲಿ ಬೆರೆತಿವೆ. ನೀರು ನಿಂತ ಆಳ 120 ಮೀಟರ್ ಎಂದಿಟ್ಟುಕೊಂಡರೆ, ಸಾವಿರ ಲೀಟರನ್ನು ಅಲ್ಲಿಂದ ಮೇಲಕ್ಕೆ ತರಲು ಪ್ರಕೃತಿ ಕೇಳುವ ಕೂಲಿ ಯೂನಿಟ್ಟಿನ ಮೂರರಲ್ಲೊಂದು ಪಾಲು ಮಾತ್ರ. ಉಳಿದ ಎರಡು ಪಾಲು ಮೋಟರಿನ ಬಿಸಿಯಲ್ಲಿ, ಇಂಪೆಲ್ಲರಿನ ಸವೆತದಲ್ಲಿ, ಪೈಪಿನ ಉಜ್ಜಾಟದಲ್ಲಿ ಹೋಗುತ್ತದೆ. ಹೊಲದಲ್ಲಿ ಕೆಲಸ ಮಾಡುವ ಪಂಪುಗಳಲ್ಲಿ ಇದು ಅಪರೂಪದ ಕೆಟ್ಟ ಪಂಪೇನಲ್ಲ.

ಕಾಯುತ್ತ ಕೂರುತ್ತೇವೆ. ಅಕ್ಕ ಬದುವಿನ ಮೇಲೆ ಕೂತು ಕಾಫಿ ಬಗ್ಗಿಸುತ್ತಾಳೆ. ಹಿಂದೂಪುರದ ಗೂಡಿನ ಮಾರುಕಟ್ಟೆಯಲ್ಲಿ ಈ ವಾರದ ರೇಟು, ಗೌರಿಬಿದನೂರಿಗೆ ಕೊಟ್ಟ ಮಗಳು, ತೆಲುಗು ಶಾಲೆಗೆ ಹೋಗುವ ಮೊಮ್ಮಗ ಮನೆಯಲ್ಲಿ ಆಡುವ ಕನ್ನಡ, ಹೀಗೆ ಮಾತು ಹರಿಯುತ್ತದೆ. 2022ರ ಏಪ್ರಿಲ್‌ನಿಂದ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಇಲ್ಲಿನ ಜನರ ಬಾಯಲ್ಲಿ ಮಾತ್ರ ಅದು ಇನ್ನೂ ‘ಅನಂತಪುರ ಜಿಲ್ಲೆ’. ಉತ್ತರ ಪಿನಾಕಿನಿ ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ ಗೌರಿಬಿದನೂರು ದಾಟಿ ಈ ನೆಲಕ್ಕೆ ಇಳಿಯುತ್ತದೆ. ತುಮಕೂರು ಕಡೆಯ ಜಯಮಂಗಲಿ ಪರಿಗಿ ಬಳಿ ಬಂದು ಕೂಡುತ್ತದೆ. ಎರಡು ನದಿ ಕೂಡುವ ಜಾಗದಲ್ಲಿ ನೀರಿಗೆ ಬರ ಇರಬಾರದು. ಹಿಂದೆ ಮರಳು ಕೆದಕಿದರೆ ಊಟೆ ಬರುತ್ತಿತ್ತು, ತೆರೆದ ಬಾವಿಗೆ ಕಪಿಲೆ ಹೂಡಿದರೆ ಎತ್ತು ದಣಿಯುವ ತನಕ ನೀರು ಬರುತ್ತಿತ್ತು ಎಂದು ಹಿರಿಯರು ಹೇಳುತ್ತಾರೆ. ಎತ್ತು ದಣಿಯುವುದು ಒಂದು ಅಳತೆಯೇ ಆಗಿತ್ತು. ಬಾವಿ ಇಳಿದಷ್ಟೂ ಹಗ್ಗ ಉದ್ದವಾಗುತ್ತಿತ್ತು, ಎತ್ತು ನಡೆಯುವ ಇಳಿಜಾರು ಉದ್ದವಾಗುತ್ತಿತ್ತು, ರೈತನಿಗೆ ಅದು ಕಣ್ಣೆದುರೇ ಕಾಣುತ್ತಿತ್ತು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಮದ್ರಾಸ್ ಪ್ರಾಂತ್ಯದ ಬಾವಿಗಳಿಗೆ ಎಣ್ಣೆ ಎಂಜಿನ್ನಿನ ಪಂಪು ಕೂಡಿಸಿ ನೋಡಿದ ಆಲ್ಫ್ರೆಡ್ ಚಾಟರ್ಟನ್, ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ನಿರ್ದೇಶಕನಾಗಿ ಬಂದವನು, ಕಪಿಲೆಗೂ ಎಂಜಿನ್ನಿಗೂ ಇದೇ ಲೆಕ್ಕ ಹಾಕುತ್ತಿದ್ದ: ಇಷ್ಟು ನೀರು ಇಷ್ಟು ಎತ್ತರಕ್ಕೆ ಏರಲು ಎಷ್ಟು ಖರ್ಚು? ಅನಂತಪುರ ಆಗ ಅದೇ ಪ್ರಾಂತ್ಯದ ಜಿಲ್ಲೆ.

ಸಬ್‌ಮರ್ಸಿಬಲ್ ಮೋಟರು ಬಂದು ಈ ಕಾಣುವಿಕೆಯನ್ನು ತೆಗೆದುಬಿಟ್ಟಿತು. ನಾನೂರು ಅಡಿ ಕೆಳಗೆ, ಆರಿಂಚಿನ ಕತ್ತಲೆಯಲ್ಲಿ ಏನಾಗುತ್ತಿದೆ ಎಂದು ಮೇಲಕ್ಕೆ ಸುದ್ದಿ ತರುವುದು ಎರಡೇ: ಪೈಪಿನಲ್ಲಿ ಬರುವ ನೀರು, ಕೇಬಲ್ಲಿನಲ್ಲಿ ಹೋಗುವ ಕರೆಂಟು.

ಮುಕ್ಕಾಲು ಗಂಟೆಯ ಹತ್ತಿರ ಮೇಸ್ತ್ರಿ ಕಪ್ಪು ಕೆಳಗಿಟ್ಟು ಎದ್ದು ನಿಲ್ಲುತ್ತಾನೆ. ನಮಗೆ ಏನೂ ಕೇಳಿಸಿಲ್ಲ. ಅವನಿಗೆ ಕೇಳಿಸಿದೆ. ಪ್ಯಾನಲ್ಲಿನ ಮುಂದೆ ಹೋಗಿ ನಿಂತಾಗ ಆಂಪಿಯರ್ ಮುಳ್ಳು 11.5ಕ್ಕೆ ಬಂದು, ನಡುಗುತ್ತಾ, 10ಕ್ಕೆ ಜಾರುತ್ತಿದೆ. ಮತ್ತೆರಡು ನಿಮಿಷಕ್ಕೆ ಪೈಪಿನ ಧಾರೆ ತುಂಡಾಗಿ, ಎಳನೀರಿನ ತಳಕ್ಕೆ ಕೊಳವೆ ಸಿಕ್ಕಿಸಿ ಹೀರಿದಾಗಿನ ‘ಗೊರಗೊರ’ ಸದ್ದು ಮಾಡುತ್ತದೆ. ಮುಳ್ಳು 9ಕ್ಕೂ 8ಕ್ಕೂ ತೂಗುತ್ತದೆ. ಟಾಂಗ್ ಟೆಸ್ಟರಿನಲ್ಲಿ 8.6 ಆಂಪಿಯರ್. ಕಿಲೋವಾಟ್ ಎಷ್ಟೆಂದು ಹುಡುಗ ಇಣುಕುತ್ತಾನೆ: 3.6.

ಇಲ್ಲಿ ನಿಂತು ನೋಡಬೇಕಾದ ವಿಷಯವಿದೆ. ಆಂಪಿಯರ್ ಮೂರರಲ್ಲೊಂದು ಪಾಲೂ ಕಡಿಮೆಯಾಗಿಲ್ಲ. ವಿದ್ಯುತ್ತು ಅರ್ಧಕ್ಕೆ ಬಿದ್ದಿದೆ. ಮೋಟರು ಕೆಲಸ ಮಾಡಲಿ ಬಿಡಲಿ, ತನ್ನೊಳಗಿನ ಕಾಂತವನ್ನು ಜೀವಂತವಾಗಿಡಲು ಒಂದಿಷ್ಟು ಆಂಪಿಯರ್ ಎಳೆಯುತ್ತಲೇ ಇರುತ್ತದೆ. ಆ ಆಂಪಿಯರ್ ನೀರೆತ್ತುವುದಿಲ್ಲ. ಹಾಗಾಗಿ ಆಂಪಿಯರ್ ಮುಳ್ಳು ಸತ್ಯವನ್ನೇ ಹೇಳಿದರೂ ಪಿಸುಮಾತಿನಲ್ಲಿ ಹೇಳುತ್ತದೆ. ಕಿಲೋವಾಟ್ ಅದನ್ನೇ ಗಟ್ಟಿಯಾಗಿ ಹೇಳುತ್ತದೆ. ಬರೀ ಮುಳ್ಳು ನೋಡಿದವರು ‘ಏನೋ ಒಸಿ ಇಳಿದೈತೆ’ ಎಂದು ಬಿಟ್ಟುಬಿಡುತ್ತಾರೆ. ಅಷ್ಟರಲ್ಲಿ ಕೆಳಗೆ ಪಂಪು ನೀರಿನ ಬದಲು ಗಾಳಿ ಕಡಿಯುತ್ತಿರುತ್ತದೆ.

ಡ್ರಮ್ಮು ಮತ್ತೆ. ಈ ಸಲ ತುಂಬಲು 400 ಸೆಕೆಂಡು. ಸೆಕೆಂಡಿಗೆ ಅರ್ಧ ಲೀಟರ್. ಸಾವಿರ ಲೀಟರಿಗೆ ಎರಡು ಯೂನಿಟ್.

“ಅಕ್ಕಾ, ನಿನ್ನ ಮೋಟ್ರು ಕೆಟ್ಟಿಲ್ಲ. ಬಾವಿ ಗಂಟೆಗೆ ಸಾವಿರದೆಂಟುನೂರು ಲೀಟ್ರು ಕೊಡ್ತೈತೆ, ನೀನು ಏಳು ಸಾವಿರ ಕೇಳ್ತಾ ಇದೀಯ. ರಾತ್ರಿಯೆಲ್ಲ ಕೂಡಿಟ್ಟಿದ್ದು ಮುಕ್ಕಾಲು ಗಂಟೇಲಿ ಮುಗೀತದೆ. ಆಮ್ಯಾಕೆ ಎಂಟು ಗಂಟೆ ಕಾಲ ಮೋಟ್ರು ಒಣಗಿ ಒಣಗಿ ಸಾಯ್ತೈತೆ.”

“ಹಂಗಾದ್ರೆ ಹತ್ತು ಎಚ್‌ಪಿ ಹಾಕ್ಲಾ? ಪಕ್ಕದೋರು ಹಾಕವ್ರೆ.”

“ಮೂರು ಹಾಕು.”

ಅವಳು ನಂಬದೆ ಅವನ ಮುಖ ನೋಡುತ್ತಾಳೆ. ಎಚ್‌ಪಿ ಹೆಚ್ಚಿದಷ್ಟೂ ನೀರು ಹೆಚ್ಚು ಎಂಬುದು ಈ ಸೀಮೆಯ ಗಟ್ಟಿ ನಂಬಿಕೆ. ಅದಕ್ಕೆ ಕಾರಣಗಳೂ ಇವೆ. ವೋಲ್ಟೇಜ್ ಬಿದ್ದಾಗ ದೊಡ್ಡ ಮೋಟರು ಹೇಗೋ ಎಳೆಯುತ್ತದೆ. ಪಕ್ಕದವನು ಹತ್ತು ಹಾಕಿದರೆ ನಮ್ಮ ನೀರು ಅವನತ್ತ ಹೋದೀತೆಂಬ ಭಯ ಇನ್ನೊಂದು, ಅದೂ ಸುಳ್ಳಲ್ಲ. ಮೇಸ್ತ್ರಿ ಸಮಾಧಾನವಾಗಿ ವಿವರಿಸುತ್ತಾನೆ. ಗ್ರಾನೈಟ್, ನೈಸ್ ಬಂಡೆಯ ನೆಲ, ನೀರಿರುವುದು ಬಿರುಕುಗಳಲ್ಲಿ, ಬಿರುಕು ಕೊಡುವಷ್ಟೇ ಕೊಡುತ್ತದೆ. ಮೂರು ಎಚ್‌ಪಿ ಅದನ್ನು ಇಡೀ ದಿನ ಎಡೆಬಿಡದೆ ಎತ್ತಿದರೂ ಅಷ್ಟೇ ನೀರು, ಕರೆಂಟು ಮಾತ್ರ ಕಮ್ಮಿ, ಮೋಟರು ಸುಡುವುದಿಲ್ಲ. ಈಗಲೇ ದುಡ್ಡಿಲ್ಲದಿದ್ದರೆ ಟೈಮರ್ ಹಾಕಿ ಮುಕ್ಕಾಲು ಗಂಟೆ ಓಡಿಸಿ, ಬಾವಿ ತುಂಬಲು ಬಿಟ್ಟು, ಮತ್ತೆ ಓಡಿಸಬೇಕು. ಮುಳ್ಳು ನಡುಗಿದ ಕೂಡಲೇ ನಿಲ್ಲಿಸುವ ಡ್ರೈ ರನ್ ಸಾಧನವೂ ಅಂಗಡಿಯಲ್ಲಿ ಸಿಗುತ್ತದೆ. ಅದು ಮಾಡುವುದೂ ಇದೇ, ಕರೆಂಟಿನ ಇಳಿತ ನೋಡಿ ಸ್ಟಾರ್ಟರನ್ನು ಬಿಡಿಸುವುದು.

“ಕರೆಂಟು ಪುಕ್ಕಟೆ ಅಲ್ವಾ, ಕಮ್ಮಿ ಆದ್ರೆ ನನಗೇನು?” ಎನ್ನುತ್ತಾಳೆ ಅಕ್ಕ. ನ್ಯಾಯವಾದ ಪ್ರಶ್ನೆ.

“ಕರೆಂಟು ಪುಕ್ಕಟೆ. ರೀವೈಂಡಿಂಗು?”

ಹಿಂದೂಪುರ ಬಿಟ್ಟು ಮಡಕಶಿರಾ ಕಡೆ ಹೊರಡುತ್ತೇವೆ. ಆಂಧ್ರದ ಈ ಊರಿಂದ, ಮೇಸ್ತ್ರಿಯ ಮುಂದಿನ ಕೆಲಸವಿರುವ ಆಂಧ್ರದ ಕಲ್ಯಾಣದುರ್ಗಕ್ಕೆ ಹೋಗುವ ನಮ್ಮ ದಾರಿ ಕರ್ನಾಟಕದ ಪಾವಗಡವನ್ನು ಹಾದುಹೋಗುತ್ತದೆ. ಗಡಿ ಬಂದದ್ದು ಬೋರ್ಡಿನ ಲಿಪಿಯಲ್ಲಿ ಕಾಣುತ್ತದೆ, ನೆಲದಲ್ಲಿ ಕಾಣುವುದಿಲ್ಲ. ಅದೇ ಗುಂಡುಕಲ್ಲಿನ ಬೆಟ್ಟಗಳು, ಅದೇ ಕೆಂಪು ಮಣ್ಣು, ಬದುವಿನಲ್ಲಿ ಅದೇ ಒಣಬೋರಿನ ಕೇಸಿಂಗ್ ಪೈಪು, ಬಾಯಿಗೆ ಕಲ್ಲು ಮುಚ್ಚಿದ್ದು. ಅನಂತಪುರ ಸೀಮೆಗೆ ವರ್ಷಕ್ಕೆ ಬೀಳುವ ಸರಾಸರಿ ಮಳೆ 550 ಮಿಲಿಮೀಟರಿನ ಆಸುಪಾಸು.

ಮೇಸ್ತ್ರಿ ಗಾಡಿ ಓಡಿಸುತ್ತಾ ಹಳೆಯ ಕಥೆ ತೆಗೆಯುತ್ತಾನೆ. ಅವನ ತಂದೆಯ ಕಾಲದಲ್ಲಿ ಪಂಪ್‌ಸೆಟ್ಟಿಗೆ ಮೀಟರಿತ್ತು. ಎಂಬತ್ತರ ದಶಕದಲ್ಲಿ ಎಚ್‌ಪಿಗೆ ವರ್ಷಕ್ಕಿಷ್ಟು ಎಂಬ ದರ ಬಂದು ಮೀಟರು ಬೇಡವಾಯಿತು. 2004ರ ಮೇ 14ರಂದು ಮುಖ್ಯಮಂತ್ರಿಯಾಗಿ ಪ್ರಮಾಣವಚನ ತೆಗೆದುಕೊಂಡ ವೈ.ಎಸ್. ರಾಜಶೇಖರ ರೆಡ್ಡಿ ಮೊದಲು ಸಹಿ ಹಾಕಿದ್ದೇ ರೈತರ ಉಚಿತ ವಿದ್ಯುತ್ತಿನ ಕಡತಕ್ಕೆ. ಕರ್ನಾಟಕದಲ್ಲೂ 2008ರಿಂದ ಹತ್ತು ಎಚ್‌ಪಿವರೆಗಿನ ಪಂಪುಗಳಿಗೆ ಬಿಲ್ಲಿಲ್ಲ. ಬರಗಾಲದ ನೆಲದ ರೈತನಿಗೆ ಅದು ನಿಜವಾದ ಆಸರೆ. ಮಳೆಯನ್ನು ನಂಬಿ ಕಡಲೆಕಾಯಿ ಬಿತ್ತಿ ಕೆಟ್ಟವನಿಗೆ ಬೋರಿನ ಕರೆಂಟಿಗೂ ದುಡ್ಡು ಕೊಡು ಎನ್ನುವ ಮಾತನ್ನು ನಾನು ಆಡಲಾರೆ. ನನ್ನ ಸಂಕಟ ಬೇರೆ. ಬಿಲ್ಲಿನ ಜೊತೆಗೆ ಮೀಟರೂ ಹೋಯಿತು. ಮೀಟರೆಂದರೆ ಬಿಲ್ಲು ಎಂಬುದೊಂದೇ ಎಲ್ಲರ ತಲೆಯಲ್ಲಿ ಉಳಿಯಿತು. ಅದು ರೈತನಿಗೆ ಅವನ ಬಾವಿಯ ಕ್ಷೇಮಸಮಾಚಾರ ಹೇಳಬಲ್ಲ ಸಾಧನವೂ ಹೌದು ಎಂಬುದನ್ನು ಯಾರೂ ಅವನಿಗೆ ಹೇಳಿಕೊಡಲಿಲ್ಲ. 2020ರಲ್ಲಿ ಆಂಧ್ರ ಸರ್ಕಾರ ಮತ್ತೆ ಪಂಪುಗಳಿಗೆ ಮೀಟರು ಹಾಕಲು ಹೊರಟು ಶ್ರೀಕಾಕುಳಂ ಜಿಲ್ಲೆಯಲ್ಲಿ ಮೊದಲು ಮಾಡಿದಾಗ ರೈತ ಸಂಘಟನೆಗಳು ಸಿಟ್ಟಿಗೆದ್ದವು. ಇಂದು ಮೀಟರು, ನಾಳೆ ಬಿಲ್ಲು ಎಂಬ ಭಯ. ಆ ಭಯವನ್ನು ಅಜ್ಞಾನವೆಂದು ತಳ್ಳಿಹಾಕಬಾರದು. ಆ ಮೀಟರಿನ ಅಂಕಿ ಓಡುವುದು ವಿದ್ಯುತ್ ಕಂಪನಿಯ ಕಂಪ್ಯೂಟರಿಗೆ. ಅದರಿಂದ ರೈತನ ಕೈಗೆ ಒಂದು ಚೀಟಿಯೂ ಬರುವುದಿಲ್ಲವೆಂದರೆ ಅವನು ಅದನ್ನು ತನ್ನದೆಂದು ಏಕೆ ತಿಳಿಯಬೇಕು?

ಅಂಕಿ ರೈತನ ಕೈಯಲ್ಲಿದ್ದ ಉದಾಹರಣೆ ಈ ನೆಲದಲ್ಲೇ ಇದೆ. 2003ರಿಂದ 2009ರವರೆಗೆ ಅನಂತಪುರವೂ ಸೇರಿ ಅವಿಭಜಿತ ಆಂಧ್ರದ ಏಳು ಬರಪೀಡಿತ ಜಿಲ್ಲೆಗಳಲ್ಲಿ ‘ರೈತರೇ ನಿರ್ವಹಿಸುವ ಅಂತರ್ಜಲ ವ್ಯವಸ್ಥೆ’ ಎಂಬ ಯೋಜನೆ ನಡೆಯಿತು. ನೆದರ್ಲೆಂಡ್ಸ್ ಹಣ ಕೊಟ್ಟಿತ್ತು, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಜೊತೆಗಿತ್ತು. ಹೆಂಗಸರು ಗಂಡಸರೆನ್ನದೆ ರೈತರೇ ಮಳೆ ಅಳೆದರು, ಬಾವಿಯ ಮಟ್ಟ ಅಳೆದರು, ಡ್ರಮ್ಮು ಗಡಿಯಾರ ಹಿಡಿದು ಪಂಪಿನ ನೀರು ಅಳೆದರು. ಊರ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆದರು. ಹಿಂಗಾರಿಗೆ ಮುಂಚೆ ಕೂತು, ಇರುವ ನೀರೆಷ್ಟು, ಯಾವ ಬೆಳೆ ಎಷ್ಟು ಕುಡಿಯುತ್ತದೆ ಎಂದು ಲೆಕ್ಕ ಹಾಕಿದರು. ಯಾರೂ ಯಾರಿಗೂ ಇಂಥದೇ ಬೆಳೆಯಿರಿ ಎಂದು ಹೇಳಲಿಲ್ಲ. ಲೆಕ್ಕ ಕಣ್ಣ ಮುಂದಿತ್ತು, ಹಲವರು ತಾವಾಗಿಯೇ ಬತ್ತ ಬಿಟ್ಟು ಕಡಿಮೆ ನೀರಿನ ಬೆಳೆಗೆ ತಿರುಗಿದರು. ಹಿಂದೂಪುರದಿಂದ ಬೆಂಗಳೂರಿನ ದಾರಿಯಲ್ಲಿರುವ ದೊಡ್ಡಬಳ್ಳಾಪುರದಲ್ಲಿ ಬೆಸ್ಕಾಂ ಅಮೆರಿಕದ ನೆರವಿನ ವೆನೆಕ್ಸಾ ಯೋಜನೆಯಲ್ಲಿ ಹಳೆಯ ಪಂಪು ತೆಗೆದು ದಕ್ಷ ಪಂಪು ಕೂಡಿಸಿ ನೋಡಿತು. ಅಲ್ಲಿ ಉಳಿಸಹೊರಟದ್ದು ಕರೆಂಟು. ಇಲ್ಲಿ ರೈತರು ಅಳೆದದ್ದು ನೀರು. ಎರಡನ್ನೂ ಒಂದೇ ಪುಟದಲ್ಲಿ ಬರೆದರೆ ಮಾತ್ರ ಪೂರಾ ಚಿತ್ರ ಸಿಗುತ್ತದೆ.

ಪಾವಗಡದ ರೀವೈಂಡಿಂಗ್ ಅಂಗಡಿಯೊಂದರ ಮುಂದೆ ಗಾಡಿ ನಿಲ್ಲುತ್ತದೆ. ಮೇಸ್ತ್ರಿಗೆ ಬುಷ್ ಬೇಕು. ನೆಲದ ಮೇಲೆ ಉದ್ದುದ್ದ ಮೋಟರುಗಳು ಮಲಗಿವೆ. ಸುಟ್ಟ ಪ್ಲಾಸ್ಟಿಕ್ಕಿನ ಕಮಟು ಗಂಟಲಿಗೆ ಹತ್ತುತ್ತದೆ. ಒಬ್ಬ ಹುಡುಗ ಸ್ಟೇಟರಿನಿಂದ ಹಳೆಯ ತಂತಿಯನ್ನು ಇಕ್ಕಳದಲ್ಲಿ ಕೀಳುತ್ತಿದ್ದಾನೆ. ಇವು ಒಳಗೆ ನೀರು ತುಂಬಿಕೊಂಡೇ ತಿರುಗುವ ಮೋಟರುಗಳು; ತಾಮ್ರದ ತಂತಿಗೆ ಪ್ಲಾಸ್ಟಿಕ್ ಹೊದಿಕೆ. ಒಳಗಿನ ನೀರು, ಹೊರಗೆ ಸುತ್ತ ಹರಿಯುವ ನೀರು, ಇವೆರಡೇ ಅದನ್ನು ತಣ್ಣಗಿಡುವುದು.

ಸುಟ್ಟ ಮೋಟರನ್ನು ಬಿಚ್ಚಿದರೆ ಸಾವಿನ ಕಾರಣ ಒಳಗೇ ಬರೆದಿರುತ್ತದೆ. ಅಂಗಡಿಯಾತ ಒಂದನ್ನು ತೋರಿಸುತ್ತಾನೆ: ಎರಡು ಫೇಸಿನ ಸುರುಳಿಗಳು ಕರಿಕಾಗಿವೆ, ಮೂರನೆಯದು ಹೊಸದರಂತೆ ಹೊಳೆಯುತ್ತಿದೆ. ಒಂದು ಫ್ಯೂಸು ಹೋಗಿ ಎರಡೇ ಫೇಸಿನಲ್ಲಿ ಓಡಿದ್ದು. ಇನ್ನೊಂದರಲ್ಲಿ ಸುರುಳಿಗಳೆಲ್ಲ ಸಮನಾಗಿ ಕಪ್ಪಾಗಿವೆ. ಕಡಿಮೆ ವೋಲ್ಟೇಜು, ಹೆಚ್ಚು ಭಾರ, ದಿನಗಟ್ಟಲೆ ಬೆಂದದ್ದು. ಮೂರನೆಯದರಲ್ಲಿ ತಂತಿಗೆ ಏನೂ ಆಗಿಲ್ಲ. ತಳದ ಥ್ರಸ್ಟ್ ಬೇರಿಂಗಿನ ಕಾರ್ಬನ್ನು ಪುಡಿಯಾಗಿದೆ, ಬುಷ್ಷು ಸವೆದು ಶಾಫ್ಟು ಅಲುಗುತ್ತಿದೆ. ಒಣಗಿ ಓಡಿದ್ದು.

“ಇದೇ ಜಾಸ್ತಿ ಬರೋದು ಬ್ಯಾಸಿಗೇಲಿ,” ಎನ್ನುತ್ತಾನೆ ಆತ. “ತಂದೋರು ಎಲ್ಲಾರೂ ಹೇಳೋದು ಒಂದೇ. ನಿನ್ನೆವರೆಗೂ ಚೆನ್ನಾಗೇ ಓಡ್ತಿತ್ತು ಸಾರ್.”

ನಿನ್ನೆವರೆಗೂ ಚೆನ್ನಾಗಿ ಓಡಿರಲಿಲ್ಲ. ಕೊನೆಯ ಎರಡು ಮೋಟರಾದರೂ ವಾರಗಳಿಂದ ಹೇಳುತ್ತಿದ್ದವು, ಒಂದು ಆಂಪಿಯರ್ ಏರಿಸಿ, ಒಂದು ಇಳಿಸಿ. ಹಲವು ಪ್ಯಾನಲ್ಲುಗಳಲ್ಲಿ ಆಂಪಿಯರ್ ಮೀಟರು ಕೆಟ್ಟು ಮುಳ್ಳು ಸೊನ್ನೆಯಲ್ಲಿ ಕೂತಿರುತ್ತದೆ. ಮೀಟರು ಹೋದರೂ ಮೋಟರು ಓಡುತ್ತದಾದ್ದರಿಂದ ಅದನ್ನು ಬದಲಿಸುವವರು ಕಡಿಮೆ. ಮೋಟರಿನ ಬೆಲೆಯ ಮುಂದೆ ಆ ಮೀಟರಿನ ಬೆಲೆ ಲೆಕ್ಕಕ್ಕೇ ಬಾರದು.

ಪಾವಗಡ ದಾಟಿ ಸೋಲಾರ್ ಪಾರ್ಕಿನ ಕಡೆ ಕಣ್ಣು ಹೋಗುತ್ತದೆ. 2,050 ಮೆಗಾವಾಟ್‌ನ ಯೋಜನೆ. ಬೋರು ಬತ್ತಿದ ಸೀಮೆಯ ರೈತರು ಗುತ್ತಿಗೆಗೆ ಕೊಟ್ಟ ಸುಮಾರು 13,000 ಎಕರೆಯ ಮೇಲೆ ನಿಂತಿದೆ. ಮೇಸ್ತ್ರಿ ಏನೂ ಹೇಳುವುದಿಲ್ಲ. ಆ ಊರುಗಳಲ್ಲಿ ಅವನಿಗೀಗ ಕೆಲಸ ಕಡಿಮೆ.

ಕಲ್ಯಾಣದುರ್ಗದ ಹೊರಗಿನ ತೋಟಕ್ಕೆ ಮುಟ್ಟುವಾಗ ಬಿಸಿಲು ನೆತ್ತಿಗೆ ಬಂದಿದೆ. ಮೂಸಂಬಿ ತೋಟ, ಇಲ್ಲಿ ಎಲ್ಲರೂ ಚೀನಿ ಎನ್ನುತ್ತಾರೆ. ಎಲೆ ಮುದುರಿವೆ. ಕಡಲೆಕಾಯಿ ಹೋದರೆ ಒಂದು ವರ್ಷ ಹೋಯಿತು. ಚೀನಿ ಗಿಡ ಒಣಗಿದರೆ ಐದಾರು ವರ್ಷ ಸಾಕಿದ್ದು ಹೋದಂತೆ. ತೋಟದ ಹಿರಿಯ ಕೈಮುಗಿದು, “ನೀಳ್ಳು ಲೇವಪ್ಪಾ” ಎಂದು ತೆಲುಗಿನಲ್ಲಿ ಶುರು ಮಾಡಿ, ನನ್ನನ್ನು ನೋಡಿ ಕನ್ನಡಕ್ಕೆ ಹೊರಳುತ್ತಾನೆ. ತಾಯಿ ಚಳ್ಳಕೆರೆ ಕಡೆಯವಳಂತೆ. ಬೋರಿನ ಏಜೆಂಟನಿಗೆ ಮಾತು ಕೊಟ್ಟಾಗಿದೆ, ಅಡ್ವಾನ್ಸೂ ಕೊಟ್ಟಿದೆ; ನಾಳೆಯೋ ನಾಡಿದ್ದೋ ಲಾರಿ ಬರುತ್ತದೆ. ಎಂಟುನೂರು ಅಡಿ ಎಂದು ಅಂದಾಜು. ಕೇಸಿಂಗು, ಕೇಬಲ್ಲು, ಮೋಟರು ಸೇರಿ ಲಕ್ಷಗಳ ಮಾತು.

“ಈ ಬೋರು ಹಾಕಿಸ್ದಾಗ ಎರಡೂವರೆ ಇಂಚು ನೀರು ಬಿದ್ದಿತ್ತು. ಈಗ ಒಂದೂವರೇನೂ ಇಲ್ಲ.”

ಈ ಇಂಚಿನ ಲೆಕ್ಕ ಮೋಸದ್ದು. ಬೋರ್ ಲಾರಿಯವರು ತಗಡಿನಲ್ಲಿ ಕತ್ತರಿಸಿದ ವಿ ಆಕಾರದ ಕಚ್ಚಿನಲ್ಲಿ ಹರಿಯುವ ನೀರಿನ ಎತ್ತರವದು. ಒಂದಿಂಚು ಅಂದರೆ ಗಂಟೆಗೆ ಸುಮಾರು 500 ಲೀಟರ್. ಎರಡಿಂಚು ಅಂದರೆ ಸಾವಿರವಲ್ಲ, 2,900ರ ಹತ್ತಿರ. ಎರಡೂವರೆಗೆ 5,000. ಎರಡೂವರೆ ಹೋಗಿ ಒಂದೂವರೆಯಾದರೆ ಮೂರರಲ್ಲೊಂದು ಪಾಲೂ ಉಳಿಯದೆ 1,400 ಲೀಟರಿಗೆ ಬಂದಂತೆ. ಕಣ್ಣಂದಾಜಿನಲ್ಲಿ ಇಂಚು ಹೇಳುವವರಿಗೆ ಈ ವ್ಯತ್ಯಾಸ ಹೊಳೆಯುವುದಿಲ್ಲ. ಮೇಸ್ತ್ರಿ ಇಂಚಿನ ಮಾತನ್ನು ಬಿಟ್ಟು ಸ್ಟಾರ್ಟರ್ ಪೆಟ್ಟಿಗೆಯ ಬಾಗಿಲು ತೆಗೆಯುತ್ತಾನೆ.

ಬಾಗಿಲಿನ ಒಳಮೈಯಲ್ಲಿ ಮಾರ್ಕರ್ ಪೆನ್ನಿನ ಅಕ್ಷರ. ಇಂಜಿನಿಯರಿಂಗ್ ಓದುವ ಮೊಮ್ಮಗಳು ರಜೆಗೆ ಬಂದಾಗ ಬರೆದಿಟ್ಟದ್ದು. ತಾರೀಖು, 400 ವೋಲ್ಟ್, 15.2 ಆಂಪಿಯರ್, ಡ್ರಮ್ಮು 110 ಸೆಕೆಂಡು, ನೀರಿನ ಮಟ್ಟ 310 ಅಡಿ. ಮೇಸ್ತ್ರಿಯ ಮುಖ ಅರಳುವುದನ್ನು ಈ ದಿನ ಮೊದಲ ಬಾರಿ ನೋಡುತ್ತೇನೆ.

“ಯಾರಣ್ಣಾ ಇದು ಬರ್ದಿದ್ದು? ಅವ್ಳಿಗೆ ಒಂದು ಸೀರೆ ಕೊಡ್ಸು.”

ಮೋಟರು ಓಡುತ್ತಿದೆ. ವೋಲ್ಟ್ ಹೆಚ್ಚುಕಡಿಮೆ ಅಷ್ಟೇ. ಆಂಪಿಯರ್ 16.1. ಡ್ರಮ್ಮು ತುಂಬಲು 190 ಸೆಕೆಂಡು. ಮೂರು ಫೇಸೂ ಸಮ. ಆಮೇಲೆ ಮೋಟರು ನಿಲ್ಲಿಸಿ, ನೀರು ಒಂದು ಮಟ್ಟಕ್ಕೆ ನಿಲ್ಲುವ ತನಕ ಕಾದು, ಕೇಸಿಂಗಿನ ಸಂದಿಯಲ್ಲಿ ತೂಕ ಕಟ್ಟಿದ ದಾರ ಇಳಿಬಿಡುತ್ತಾರೆ. 322 ಅಡಿ. ಹನ್ನೆರಡು ಅಡಿ ಇಳಿದಿದೆ, ಅಷ್ಟೇ. ಬೋರು ಬತ್ತಿಲ್ಲ.

ಬೆಳಗ್ಗೆ ಹಿಂದೂಪುರದಲ್ಲಿ ನೀರು ಕಡಿಮೆಯಾದಾಗ ಆಂಪಿಯರ್ ಇಳಿದಿತ್ತು. ಇಲ್ಲಿ ನೀರು ಕಡಿಮೆಯಾಗಿದೆ, ಆಂಪಿಯರ್ ಏರಿದೆ. ಬಾವಿಯ ನೀರು ಆಳಕ್ಕೆ ಹೋಗಿದ್ದರೆ ಪಂಪು ಹೆಚ್ಚು ಎತ್ತರಕ್ಕೆ ಕಡಿಮೆ ನೀರನ್ನು ತಳ್ಳುತ್ತಿತ್ತು. ಇಂಥ ಪಂಪಿನಲ್ಲಿ ಹರಿವು ತಗ್ಗಿದರೆ ವಿದ್ಯುತ್ತೂ ತಗ್ಗುತ್ತದೆ. ಏರಿದೆ ಎಂದರೆ ಎರಡೇ ದಾರಿ. ಮರಳು ಕಚ್ಚಿ ಇಂಪೆಲ್ಲರು ಉಜ್ಜುತ್ತಿರಬೇಕು; ಇಲ್ಲವೆ ಪಂಪು ನಿಜವಾಗಿ ಮೊದಲಿಗಿಂತ ಹೆಚ್ಚು ನೀರನ್ನೇ ಎತ್ತುತ್ತಿದ್ದು, ಅದು ಮೇಲಕ್ಕೆ ಬರುವ ಮೊದಲೇ ಎಲ್ಲೋ ಸೋರಿಹೋಗುತ್ತಿರಬೇಕು.

ಮೇಸ್ತ್ರಿ ಮತ್ತೆ ಮೋಟರು ಹಾಕಿಸಿ, ಬೋರಿನ ಪಕ್ಕ ಮೊಣಕಾಲೂರಿ ಕೇಸಿಂಗಿಗೆ ಕಿವಿಯಿಡುತ್ತಾನೆ. ನನ್ನನ್ನೂ ಕರೆಯುತ್ತಾನೆ. ಬಿಸಿಲಿಗೆ ಕಾದ ಕಬ್ಬಿಣ ಕಿವಿ ಸುಡುತ್ತದೆ. ಕೆಳಗೆಲ್ಲೋ ಮಳೆ ಸುರಿದಂಥ ಸದ್ದು.

“ಊಟೆ ಇರಬೋದಲ್ವಾ? ಮ್ಯಾಲಿನ ಬಿರುಕಿಂದ ಬೀಳೋದು?” ಎನ್ನುತ್ತಾನೆ ಹಿರಿಯ. ಬೋರಿನ ಬಗ್ಗೆ ಅವನಿಗೂ ತಿಳಿದಿದೆ.

“ಇರಬೋದು. ನಿಲ್ಸಿ ನೋಡೋಣ. ಊಟೆ ಆದ್ರೆ ಮೋಟ್ರು ನಿಂತ್ರೂ ಬೀಳ್ತಾನೇ ಇರ್ತೈತೆ.”

ಕೆಂಪು ಗುಂಡಿ. ಸದ್ದು ಒಂದಿಷ್ಟು ಹೊತ್ತು ಮುಂದುವರಿದು, ಸಣ್ಣಗಾಗಿ, ತೊಟ್ಟಿಕ್ಕಿ, ನಿಂತುಹೋಗುತ್ತದೆ. ಪೈಪಿನಲ್ಲಿ ತೂತಿನ ಮೇಲೆ ನಿಂತಿದ್ದ ನೀರು ಖಾಲಿಯಾಯಿತು.

ಮಧ್ಯಾಹ್ನವೆಲ್ಲ ಪೈಪು ಎತ್ತುವ ಕೆಲಸ. ಮೂರುಕಾಲಿನ ಕಬ್ಬಿಣ, ಚೈನ್ ಪುಲ್ಲಿ, ನಾಲ್ಕು ಜನ. ಇಪ್ಪತ್ತಡಿಯ ಒಂದೊಂದು ಜಿ.ಐ. ಪೈಪು ಮೇಲೆ ಬಂದಾಗ ಕ್ಲಾಂಪು ಬಿಗಿದು, ರೆಂಚಿನಿಂದ ಬಿಚ್ಚಿ, ಪಕ್ಕಕ್ಕೆ ಮಲಗಿಸುವುದು. ಕೇಬಲ್ಲಿಗೆ ಗಾಯವಾಗದಂತೆ ಒಬ್ಬ ಸುತ್ತಿಕೊಳ್ಳುತ್ತಾ ನಡೆಯುವುದು. ಎಲ್ಲರ ಮೈಮೇಲೂ ತುಕ್ಕಿನ ಕೆಂಪು. ಒಂಬತ್ತನೆಯ ಪೈಪಿನವರೆಗೆ ಏನೂ ಇಲ್ಲ, ಹಿರಿಯ ಚಡಪಡಿಸುತ್ತಾನೆ. ಹನ್ನೊಂದನೆಯದರ ಕಾಲರಿನ ಕೆಳಗೆ, ತಿರುಪಿನ ಸುತ್ತು ಮುಗಿಯುವಲ್ಲಿ, ತುಕ್ಕು ತಿಂದು ಕಿರುಬೆರಳು ಹೋಗುವಷ್ಟು ಉದ್ದನೆಯ ಸೀಳು. ಅದರ ಎದುರಿನ ಬೋರಿನ ಗೋಡೆಗೆ ತಾಗಿ ಚಿಮ್ಮಿದ ನೀರಿನ ರಭಸಕ್ಕೆ ಪೈಪಿನ ಆ ಮೈ ಉಜ್ಜಿ ಹೊಳೆಯುತ್ತಿದೆ.

ಹಿರಿಯ ಆ ಸೀಳಿಗೆ ಬೆರಳಿಟ್ಟು ನೋಡುತ್ತಾನೆ. ಮೂರು ವರ್ಷದ ಹಿಂದೆ ಇದೇ ತೋಟದ ಇನ್ನೊಂದು ಬೋರು ಹೀಗೇ ‘ಬತ್ತಿತೆಂದು’ ಬಿಟ್ಟು, ಪೈಪು ಮೋಟರು ಮಾರಿ, ಬಾಯಿಗೆ ಕಲ್ಲು ಮುಚ್ಚಿದ್ದು ಅವನಿಗೆ ನೆನಪಾಗುತ್ತದೆ. ಅದಕ್ಕೆ ಯಾವ ಬಾಗಿಲಿನ ಮೇಲೂ ಏನೂ ಬರೆದಿರಲಿಲ್ಲ. “ಅದೂ ಹಿಂಗೇ ಇದ್ದಿರ್ಬೋದಾ?” ಎಂದು ಕೇಳುತ್ತಾನೆ. ಮೇಸ್ತ್ರಿಗೆ ಉತ್ತರ ಹೇಳಲಾಗುವುದಿಲ್ಲ. ಆಗಿನ ಅಂಕಿ ಇಲ್ಲದೆ ಯಾರೂ ಹೇಳಲಾರರು.

ಎರಡು ಹೊಸ ಪೈಪು, ಹೊಸ ಕಾಲರು, ಜೊತೆಗೆ ಪಾವಗಡದಿಂದ ತಂದ ಬುಷ್ಷು. ಕರೆಂಟು ಹೋಗುವ ಹೊತ್ತಿಗೆ ಮುಂಚೆ ಇಳಿಸಿ ಮುಗಿಸಬೇಕೆಂದು ಎಲ್ಲರೂ ಅವಸರ ಮಾಡುತ್ತಾರೆ. ಹಿರಿಯ ಬೇವಿನ ಮರದ ಕೆಳಗೆ ನಿಂತು ಏಜೆಂಟನಿಗೆ ಫೋನು ಹಚ್ಚಿ, ಲಾರಿ ಬೇಡ, ಅಡ್ವಾನ್ಸು ವಾಪಸು ಕೊಡು ಎಂದು ತೆಲುಗಿನಲ್ಲಿ ಏರುದನಿಯಲ್ಲಿ ವಾದಿಸುತ್ತಿದ್ದಾನೆ. ಮೇಸ್ತ್ರಿ ಅತ್ತ ಗಮನ ಕೊಡದೆ ಹಿರಿಯನ ಮಗನಿಗೆ ಹೇಳುತ್ತಾನೆ:

“ನಾಳೆ ಕರೆಂಟು ಬಂದು ಅರ್ಧ ಗಂಟೆ ಆದ್ಮೇಲೆ ನೋಡು, ಒತ್ತಿದ ಕೂಡ್ಲೇ ನೋಡಬ್ಯಾಡ. ವೋಲ್ಟು, ಆಂಪಿಯರು, ಡ್ರಮ್ಮು, ಮೂರೂ ಬರಿ. ವಾರಕ್ಕೊಂದು ಸಲ ಸಾಕು. ಒಂದು ಆಂಪಿಯರು ಅತ್ತಿತ್ತ ಆದ್ರೆ ಫೋನು ಮಾಡು, ಸುಟ್ಟಮೇಲೆ ಮಾಡಬ್ಯಾಡ.”